ಕ್ಯಾನ್ಸರ್ ಆಪರೇಷನ್ ಮುಂದಕ್ಕೆ ಹೋದಾಗ: ಜೊತೆಗಿರುವ ಗಂಡ ಅಥವಾ ಹೆಂಡತಿ ಏನೇನು ಮಾಡಬಹುದು

ಕ್ಯಾನ್ಸರ್ ಇದೆ ಅಂತ ಗೊತ್ತಾದ ದಿನಕ್ಕಿಂತ, ಆಪರೇಷನ್ ಮುಂದಕ್ಕೆ ಹೋಯಿತು ಅಂತ ಹೇಳಿದ ದಿನವೇ ಎಷ್ಟೋ ಮನೆಗಳಲ್ಲಿ ಜಾಸ್ತಿ ಕುಗ್ಗಿಸುತ್ತದೆ. ಮೊದಲ ದಿನ ಆಘಾತ ಇದ್ದರೂ ಓಡಾಡಲು ಕೆಲಸ ಇರುತ್ತದೆ. ಟೆಸ್ಟ್, ಸ್ಕ್ಯಾನ್, ದುಡ್ಡು, ರಜೆ. ಡೇಟ್ ತಪ್ಪಿದ ದಿನ ಮಾಡಲು ಏನೂ ಉಳಿದಿಲ್ಲ ಅನ್ನಿಸುತ್ತದೆ. ಗಡ್ಡೆ ಒಳಗೇ ಇದೆ, ನಾವು ಮನೆಯಲ್ಲಿ ಸುಮ್ನೆ ಕೂತಿದ್ದೇವೆ ಅನ್ನುವ ಸಂಕಟ.

ನಮ್ಮನೆಯವರಿಗೆ ಕೆನ್ನೆಯ ಒಳಗೆ ಕ್ಯಾನ್ಸರ್ ಆಗಿತ್ತು. ಅವರ ಆಪರೇಷನ್ ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹೋಯಿತು. ಆ ದಿನಗಳಲ್ಲಿ ನಾನು ಕಲಿತಿದ್ದು, ಡಾಕ್ಟರು ಮತ್ತು ನರ್ಸುಗಳಿಂದ ಕೇಳಿ ತಿಳಿದಿದ್ದು ಇಲ್ಲಿದೆ. ಬಾಯಿ ಕ್ಯಾನ್ಸರ್ ಬಗ್ಗೆ ಜಾಸ್ತಿ ಬರೆದಿದ್ದೇನೆ, ಯಾಕೆಂದರೆ ನನಗೆ ಹತ್ತಿರದಿಂದ ಗೊತ್ತಿರುವುದು ಅದು. ಸ್ತನ, ಕರುಳು, ಗರ್ಭಕೋಶದ ಕ್ಯಾನ್ಸರ್ ಇರುವ ಮನೆಯವರಿಗೂ ಇದರಲ್ಲಿ ಬಹುಪಾಲು ಉಪಯೋಗಕ್ಕೆ ಬರುತ್ತದೆ. ಕಾಯುವ ದಿನಗಳಲ್ಲಿ ಮಾಡಬೇಕಾದ ಕೆಲಸ ಬೇಕಾದಷ್ಟಿದೆ. ಅದನ್ನು ಮಾಡಿದರೆ ಆಪರೇಷನ್ ತಡೆದುಕೊಳ್ಳುವ ಶಕ್ತಿ ಬರುತ್ತದೆ, ಚೇತರಿಕೆಗೂ ಸಹಾಯ ಆಗುತ್ತದೆ.

1. ಮೊದಲು ಕೇಳಿ: ಯಾಕೆ ತಡ?

"ಮುಂದಿನ ವಾರ ಫೋನ್ ಮಾಡಿ" ಅನ್ನುವುದು ಕಾರಣ ಅಲ್ಲ. ಕಾರಣ ಗೊತ್ತಾಗದೆ ಮನೆಗೆ ವಾಪಸ್ ಬರಬೇಡಿ. ತಡ ಸಾಮಾನ್ಯವಾಗಿ ನಾಲ್ಕು ಬಗೆ.

ಒಂದು, ಡಾಕ್ಟರೇ ಬೇಕೆಂದು ಕಾಯಿಸುವುದು. ಕೀಮೋ ಮುಗಿದ ಮೇಲೆ ರಕ್ತಕಣಗಳು ಚೇತರಿಸಿಕೊಳ್ಳಲು ಕೆಲವು ವಾರ ಬೇಕು. ಗುದನಾಳದ ಕ್ಯಾನ್ಸರ್‌ಗೆ ರೇಡಿಯೇಷನ್ ಕೊಟ್ಟ ಮೇಲೆ ಎಷ್ಟೋ ಸಲ ಆರರಿಂದ ಹನ್ನೆರಡು ವಾರ ಕಾಯುತ್ತಾರೆ. ಆ ಸಮಯದಲ್ಲಿ ಗಡ್ಡೆ ಇನ್ನೂ ಕುಗ್ಗುತ್ತಿರುತ್ತದೆ. ಇದು ಚಿಕಿತ್ಸೆಯ ಭಾಗವೇ. ಇದಕ್ಕೆ ಹೆದರಬೇಕಾಗಿಲ್ಲ.

ಎರಡು, ರೋಗಿಯ ದೇಹ ತಯಾರಿಲ್ಲದಿರುವುದು. ಸಕ್ಕರೆ ಜಾಸ್ತಿ, ಬಿಪಿ ಹತೋಟಿಯಲ್ಲಿಲ್ಲ, ಹಿಮೋಗ್ಲೋಬಿನ್ ಕಡಿಮೆ, ಜ್ವರ, ಕಫ. ಆಗ ಅರಿವಳಿಕೆ ಡಾಕ್ಟರು ಫಿಟ್‌ನೆಸ್, ಅಂದರೆ ಆಪರೇಷನ್ ಮಾಡಬಹುದು ಅನ್ನುವ ಒಪ್ಪಿಗೆ, ಕೊಡುವುದಿಲ್ಲ. ನಮ್ಮ ಕೈಯಲ್ಲಿ ಅತಿ ಹೆಚ್ಚು ಇರುವುದು ಈ ತಡ.

ಮೂರು, ಆಸ್ಪತ್ರೆಯ ಸಾಲು. ಬಾಯಿ ಕ್ಯಾನ್ಸರ್ ಆಪರೇಷನ್ ಎಂದರೆ ಗಡ್ಡೆ ತೆಗೆಯಬೇಕು, ಕುತ್ತಿಗೆಯ ಗ್ರಂಥಿಗಳನ್ನು ತೆಗೆಯಬೇಕು, ಎದೆಯಿಂದಲೋ ತೊಡೆಯಿಂದಲೋ ಮಾಂಸ ತಂದು ಮುಚ್ಚಬೇಕು. ಕೆಲವೊಮ್ಮೆ ಇಡೀ ದಿನ ಓಟಿ (ಆಪರೇಷನ್ ಕೋಣೆ) ಬೇಕು, ಪ್ಲಾಸ್ಟಿಕ್ ಸರ್ಜನ್ ಬೇಕು, ಆಮೇಲೆ ಐಸಿಯು ಹಾಸಿಗೆ ಬೇಕು. ಇದರಲ್ಲಿ ಒಂದು ತಪ್ಪಿದರೂ ಡೇಟ್ ತಪ್ಪುತ್ತದೆ.

ನಾಲ್ಕು, ಕಾಗದ ಮತ್ತು ದುಡ್ಡು. ಸರ್ಕಾರಿ ಯೋಜನೆಯ ಮಂಜೂರಾತಿ ಬಂದಿಲ್ಲ, ಬಯಾಪ್ಸಿ (ಗಡ್ಡೆಯ ತುಣುಕಿನ ಪರೀಕ್ಷೆ) ವರದಿ ಬಂದಿಲ್ಲ, ರೆಫರಲ್ ಪತ್ರ ಇಲ್ಲ. ಈ ಬಗೆಯ ತಡದ ಒಂದು ತೊಂದರೆ ಏನೆಂದರೆ, ಯಾರೂ ತಾವಾಗಿ ಬಂದು ಹೇಳುವುದಿಲ್ಲ. ಫೈಲು ಮೇಜಿನ ಮೇಲೆ ಇರುತ್ತದೆ, ಅಷ್ಟೆ.

ಓಪಿಡಿಯಲ್ಲಿ ಡಾಕ್ಟರ ಮುಂದೆ ಸಿಗುವುದು ಕೆಲವೇ ನಿಮಿಷ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ನಾನು ಕೇಳುತ್ತಿದ್ದ ಪ್ರಶ್ನೆಗಳು ಇವು:

- ಡಾಕ್ಟ್ರೇ, ತಡ ಆಗಿದ್ದು ಯಾವ ಕಾರಣಕ್ಕೆ? ನಮ್ಮ ಕಡೆಯಿಂದ ಏನಾದರೂ ಬಾಕಿ ಇದೆಯಾ?
- ಇವರ ಕಾಯಿಲೆಗೆ ಎಷ್ಟು ದಿನ ಕಾಯಬಹುದು? ಯಾವ ತಾರೀಖು ದಾಟಬಾರದು?
- ಅಷ್ಟರಲ್ಲಿ ಓಟಿ ಸಿಗದಿದ್ದರೆ ಬೇರೆ ದಾರಿ ಏನು?
- ನಡುವೆ ಯಾರಿಗೆ ಫೋನ್ ಮಾಡಬೇಕು? ಯಾವ ಹೊತ್ತಿನಲ್ಲಿ?

ಎರಡನೇ ಪ್ರಶ್ನೆಯನ್ನು ಮಾತ್ರ ಬಿಡಬೇಡಿ. ಅದಕ್ಕೆ ಸಿಗುವ ಉತ್ತರವೇ ಮುಂದಿನ ಎಲ್ಲಾ ಓಡಾಟಕ್ಕೆ ಆಧಾರ.

2. ತಡದಿಂದ ಎಷ್ಟು ತೊಂದರೆ?

ಈ ಪ್ರಶ್ನೆ ರಾತ್ರಿ ನಿದ್ದೆ ಕೆಡಿಸುತ್ತದೆ. ಸುಮ್ಮನೆ ಸಮಾಧಾನದ ಮಾತು ಹೇಳಿದರೆ ಪ್ರಯೋಜನವಿಲ್ಲ, ಇರುವುದನ್ನು ಹೇಳುತ್ತೇನೆ. 2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಏಳು ಬಗೆಯ ಕ್ಯಾನ್ಸರ್‌ಗಳ ಬಗ್ಗೆ ಒಂದು ದೊಡ್ಡ ವಿಶ್ಲೇಷಣೆ ಬಂತು. ಆಪರೇಷನ್ ನಾಲ್ಕು ವಾರ ತಡವಾದರೆ ಸಾವಿನ ಅಪಾಯ ಶೇಕಡಾ 6ರಿಂದ 8ರಷ್ಟು ಹೆಚ್ಚುತ್ತದೆ ಅಂತ ಅದರಲ್ಲಿ ಕಂಡುಬಂತು.

ಈ ಸಂಖ್ಯೆಯನ್ನು ತಪ್ಪಾಗಿ ಓದಿ ಕುಸಿದವರನ್ನು ನೋಡಿದ್ದೇನೆ. ನೂರಕ್ಕೆ ಎಂಟು ಜನ ಜಾಸ್ತಿ ಸಾಯುತ್ತಾರೆ ಅಂತ ಇದರ ಅರ್ಥ ಅಲ್ಲ. ಒಂದು ಕಾಯಿಲೆಯಲ್ಲಿ ನೂರಕ್ಕೆ ಇಪ್ಪತ್ತು ಜನರಿಗೆ ಅಪಾಯ ಇದ್ದರೆ, ನಾಲ್ಕು ವಾರದ ತಡದಿಂದ ಅದು ಇಪ್ಪತ್ತೊಂದರ ಆಸುಪಾಸಿಗೆ ಏರುತ್ತದೆ. ಅಂದರೆ ಒಂದೆರಡು ವಾರ ತಪ್ಪಿತು ಎಂದಾಕ್ಷಣ ಎಲ್ಲಾ ಮುಗಿಯಿತು ಅಂದುಕೊಳ್ಳಬೇಡಿ. ಹಾಗಂತ ತಿಂಗಳುಗಟ್ಟಲೆ ಕೈಕಟ್ಟಿ ಕೂರುವ ಹಾಗೂ ಇಲ್ಲ.

ಕಾಯಿಲೆಯಿಂದ ಕಾಯಿಲೆಗೆ ವ್ಯತ್ಯಾಸವೂ ಇದೆ. ಥೈರಾಯ್ಡ್ ಕ್ಯಾನ್ಸರ್‌ನಲ್ಲಿ ಬಹಳಷ್ಟು ನಿಧಾನವಾಗಿ ಬೆಳೆಯುವಂಥವು. ಬಾಯಿಯ ಕ್ಯಾನ್ಸರ್ ಹಾಗಲ್ಲ. ಅಲ್ಲಿ ವಾರಗಳು ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ ಪಕ್ಕದ ಮನೆಯವರ ಕಥೆ ಕೇಳಿ ಧೈರ್ಯವೂ ಬೇಡ, ಭಯವೂ ಬೇಡ. ನಿಮ್ಮ ಸರ್ಜನ್ ಹೇಳಿದ ಗಡುವನ್ನೇ ನಂಬಿ.

3. ಒಂದು ಫೈಲು, ಒಂದು ನೋಟ್‌ಬುಕ್, ಒಬ್ಬರೇ ಮಾತಾಡುವವರು

ಫೈಲಿನಲ್ಲಿ ಬಯಾಪ್ಸಿ ವರದಿ, ಸ್ಕ್ಯಾನ್ ವರದಿ ಮತ್ತು ಸಿಡಿ, ರಕ್ತದ ವರದಿಗಳು, ಡಾಕ್ಟರ ಚೀಟಿಗಳು, ಆಧಾರ್, ರೇಷನ್ ಕಾರ್ಡ್ ಪ್ರತಿಗಳು. ತಾರೀಖಿನ ಪ್ರಕಾರ ಜೋಡಿಸಿ, ಹೊಸದು ಮೇಲೆ. ಎಲ್ಲದರ ಫೋಟೋ ಮೊಬೈಲಿನಲ್ಲೂ ಇರಲಿ.

ನೋಟ್‌ಬುಕ್ಕಿನಲ್ಲಿ ಪ್ರತಿ ಫೋನ್ ಕರೆ ಬರೆಯಿರಿ. ತಾರೀಖು, ಯಾರ ಜೊತೆ ಮಾತಾಡಿದ್ದು, ಏನು ಹೇಳಿದರು, ಮುಂದೆ ಯಾವಾಗ ಕೇಳಬೇಕು. "ಸಿಸ್ಟರ್, ಸೋಮವಾರ ನೀವೇ ಗುರುವಾರ ಕೇಳಿ ಅಂದಿದ್ರಿ, ಅದಕ್ಕೆ ಮಾಡಿದೆ" ಅಂದರೆ ಆ ಕಡೆಯವರೂ ಗಮನ ಕೊಟ್ಟು ಕೇಳುತ್ತಾರೆ. ಜಗಳ ಮಾಡುವುದಕ್ಕಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ. ಸಿಟ್ಟು ಬಂದಾಗ ಫೋನ್ ಮಾಡಲೇಬೇಡಿ. ನೀರು ಕುಡಿದು ಹತ್ತು ನಿಮಿಷ ಬಿಟ್ಟು ಮಾಡಿ.

ಆಸ್ಪತ್ರೆ ಜೊತೆ ಮನೆಯಿಂದ ಒಬ್ಬರೇ ಮಾತಾಡಲಿ. ಮಗ ಒಂದು ಕಡೆ, ಭಾವಮೈದುನ ಇನ್ನೊಂದು ಕಡೆ, ಊರಿನ ಪರಿಚಯದವರು ಮತ್ತೊಂದು ಕಡೆಯಿಂದ ಫೋನ್ ಮಾಡಿದರೆ ಅಲ್ಲಿನವರಿಗೂ ಗೊಂದಲ, ನಮಗೂ ಗೊಂದಲ.

ಇನ್ನೊಂದು ಉಪಾಯ: ಬೇರೆ ಯಾರದೋ ಆಪರೇಷನ್ ಕೊನೇ ಗಳಿಗೆಯಲ್ಲಿ ರದ್ದಾದರೆ ಆ ಜಾಗ ಖಾಲಿಯಾಗುತ್ತದೆ. "ಒಂದು ದಿನ ಮುಂಚೆ ಹೇಳಿದರೂ ನಾವು ಬರ್ತೀವಿ" ಅಂತ ಮೊದಲೇ ಹೇಳಿಟ್ಟಿರಿ. ಹೇಳಿದ ಮೇಲೆ ನಿಜಕ್ಕೂ ತಯಾರಾಗಿರಬೇಕು. ಬ್ಯಾಗು ತುಂಬಿರಬೇಕು, ಫಿಟ್‌ನೆಸ್ ಕಾಗದ ಕೈಯಲ್ಲಿರಬೇಕು, ಗಾಡಿ ಯಾರದು ಅಂತ ಗೊತ್ತಿರಬೇಕು.

4. ದುಡ್ಡಿನ ಕಾರಣಕ್ಕೆ ಒಂದು ದಿನವೂ ಹೋಗದಿರಲಿ

ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ದೊಡ್ಡ ಆಪರೇಷನ್‌ಗೆ ಮೊದಲೇ ಮಂಜೂರಾತಿ ಬರಬೇಕು. ಅದಕ್ಕೆ ಆಸ್ಪತ್ರೆಯವರು ಫೈಲನ್ನು ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ಗೆ ಕಳಿಸುತ್ತಾರೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾಗಬಹುದು, ಅದನ್ನು ಮೊದಲೇ ವಿಚಾರಿಸಿ.

ಯೋಜನೆಯಲ್ಲಿರುವ ಆಸ್ಪತ್ರೆಗಳಲ್ಲಿ ಯೋಜನೆಯ ಕೆಲಸಕ್ಕೆ ಸಹಾಯ ಮಾಡುವ ಆರೋಗ್ಯ ಮಿತ್ರ ಅಂತ ಒಬ್ಬರು ಇರುತ್ತಾರೆ. ಅವರನ್ನು ಮೊದಲ ದಿನವೇ ಪರಿಚಯ ಮಾಡಿಕೊಳ್ಳಿ. "ನಮ್ಮ ಫೈಲು ಹೋಗಿದೆಯಾ, ವಾಪಸ್ ಏನಾದರೂ ಕೇಳಿದ್ದಾರಾ?" ಅಂತ ಎರಡು ದಿನಕ್ಕೊಮ್ಮೆ ಕೇಳಿ. ಎಷ್ಟೋ ಸಲ ಹೆಸರಿನ ಒಂದು ಅಕ್ಷರ ರೇಷನ್ ಕಾರ್ಡಿನಲ್ಲಿ ಒಂಥರ, ಆಧಾರಿನಲ್ಲಿ ಒಂಥರ ಇರುತ್ತದೆ. ಇಂಥದ್ದಕ್ಕೇ ಫೈಲು ನಿಂತಿರುತ್ತದೆ. ಇದನ್ನು ಇವತ್ತೇ ನೋಡಿ ಸರಿ ಮಾಡಿಸಿ.

ಖಾಸಗಿ ಇನ್ಶೂರೆನ್ಸ್ ಇದ್ದವರಿಗೆ: ನಗದುರಹಿತ ಚಿಕಿತ್ಸೆಯ ಮನವಿಗೆ ಒಂದು ಗಂಟೆಯೊಳಗೆ ತೀರ್ಮಾನ ಹೇಳಬೇಕು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಕಂಪನಿಗಳಿಗೆ ಸೂಚಿಸಿದೆ. ದಿನಗಟ್ಟಲೆ ಎಳೆದರೆ ಇದನ್ನು ನೆನಪಿಸಿ, ಲಿಖಿತವಾಗಿ ಉತ್ತರ ಕೇಳಿ.

ದೂರದೂರಿಂದ ಓಡಾಡುವವರಿಗೆ ರೈಲಿನಲ್ಲಿ ದೊಡ್ಡ ರಿಯಾಯಿತಿ ಇದೆ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ಎಸಿಯಲ್ಲಿ ಟಿಕೆಟ್ ಪೂರ್ತಿ ಉಚಿತ, ಜೊತೆಗೆ ಹೋಗುವವರಿಗೆ ಶೇಕಡಾ 75 ರಿಯಾಯಿತಿ. ಇದಕ್ಕೆ ರೈಲ್ವೆಯ ನಮೂನೆಯಲ್ಲಿ ಆಸ್ಪತ್ರೆಯ ಸಹಿ ಮತ್ತು ಮೊಹರು ಬೇಕು. ಕಲಬುರಗಿಯಿಂದಲೋ ಬೀದರಿನಿಂದಲೋ ಬೆಂಗಳೂರಿಗೆ ಮತ್ತೆ ಮತ್ತೆ ಬರುವವರಿಗೆ ಇದು ಸಣ್ಣ ಉಳಿತಾಯ ಅಲ್ಲ.

5. ದೇಹವನ್ನು ತಯಾರು ಮಾಡಿ

ಕಾಯುವ ಕಾಲದ ನಿಜವಾದ ಕೆಲಸ ಇದು. ಬಾಯಿ ಕ್ಯಾನ್ಸರ್ ಇದ್ದವರು ನೋವಿಗೆ ಹೆದರಿ ಊಟ ಕಡಿಮೆ ಮಾಡುತ್ತಾರೆ. ತೂಕ ಇಳಿದರೆ ಗಾಯ ಒಣಗುವುದು ನಿಧಾನ, ಸೋಂಕು ಜಾಸ್ತಿ. ಪ್ರತಿ ಭಾನುವಾರ ಬೆಳಿಗ್ಗೆ ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಬರೆಯಿರಿ. 60 ಕೆಜಿ ಇದ್ದವರು ತಿಂಗಳಲ್ಲಿ 3 ಕೆಜಿ ಇಳಿದರೆ ಮುಂದಿನ ಭೇಟಿಗೆ ಕಾಯದೆ ಡಾಕ್ಟರಿಗೆ ತಿಳಿಸಿ.

ಕ್ಯಾನ್ಸರ್ ರೋಗಿಗೆ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ ಒಂದರಿಂದ ಒಂದೂವರೆ ಗ್ರಾಂ ಪ್ರೋಟೀನ್ ಬೇಕು. 60 ಕೆಜಿಗೆ ಕಡಿಮೆ ಎಂದರೂ 60 ಗ್ರಾಂ, ಆದಷ್ಟೂ 80ರ ಹತ್ತಿರ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6 ಗ್ರಾಂ, ನೂರು ಗ್ರಾಂ ಪನೀರಿನಲ್ಲಿ 18 ಗ್ರಾಂ. ಬರೀ ಗಂಜಿ ಕುಡಿಸಿದರೆ ಹೊಟ್ಟೆ ತುಂಬುತ್ತದೆ, ಪ್ರೋಟೀನ್ ಸಿಗುವುದಿಲ್ಲ. ಕಿಡ್ನಿ ತೊಂದರೆ ಇದ್ದವರು ಮಾತ್ರ ಮೊದಲು ಡಾಕ್ಟರನ್ನು ಕೇಳಬೇಕು.

ನಮ್ಮನೆಯಲ್ಲಿ ನಡೆದಿದ್ದು ಹೀಗೆ. ಬೆಳಿಗ್ಗೆ ರಾಗಿ ಗಂಜಿಗೆ ನೀರಿನ ಬದಲು ಹಾಲು, ಜೊತೆಗೆ ಎರಡು ಚಮಚ ಹುರಿಗಡಲೆ ಪುಡಿ, ಉಂಡೆ ಉಳಿಯದ ಹಾಗೆ ಸೋಸಿ ಕೊಡುತ್ತಿದ್ದೆ. ಹನ್ನೊಂದಕ್ಕೆ ಮೃದುವಾಗಿ ಬೇಯಿಸಿದ ಮೊಟ್ಟೆಯನ್ನು ಮೊಸರಿನ ಜೊತೆ ಕಿವುಚಿ. ಮಧ್ಯಾಹ್ನ ಹೆಸರುಬೇಳೆ ಜಾಸ್ತಿ, ಅಕ್ಕಿ ಕಡಿಮೆ ಹಾಕಿದ ಮೆತ್ತನೆಯ ಪೊಂಗಲ್, ಮೆಣಸು ಹಾಕದೆ, ಒಂದು ಚಮಚ ತುಪ್ಪ. ಮುದ್ದೆ ಅಗಿಯದೆ ನುಂಗುವ ಊಟ ಆದ್ದರಿಂದ ಅವರಿಗೆ ಹಿಡಿಸುತ್ತಿತ್ತು. ಗೋಲಿಯಷ್ಟು ಸಣ್ಣ ತುತ್ತು, ಖಾರ ಇಲ್ಲದ ತೆಳು ಸಾರು. ನುಂಗಲು ಕಷ್ಟ ಇರುವವರಿಗೆ ಮುದ್ದೆ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮೂರು ದೊಡ್ಡ ಊಟದ ಬದಲು ಆರು ಸಣ್ಣ ಊಟ. ಸಕ್ಕರೆ ಕಾಯಿಲೆ ಇದ್ದರೆ ಇದನ್ನೇ ಆಸ್ಪತ್ರೆಯ ಡಯಟಿಷಿಯನ್‌ಗೆ ತೋರಿಸಿ ಹೊಂದಿಸಿಕೊಳ್ಳಿ.

ಬಾಯಿಯಿಂದ ಸಾಕಾಗುವಷ್ಟು ಊಟ ಹೋಗದಿದ್ದರೆ ಮೂಗಿನಿಂದ ಟ್ಯೂಬ್ ಹಾಕೋಣ ಎನ್ನುತ್ತಾರೆ. ಟ್ಯೂಬ್ ಎಂದರೆ ಕೊನೇ ಹಂತ ಅಂತ ನಮ್ಮ ಜನ ತಿಳಿದಿದ್ದಾರೆ. ಅದು ಸುಳ್ಳು. ಆಪರೇಷನ್‌ಗೆ ಶಕ್ತಿ ತುಂಬುವ ದಾರಿ ಅಷ್ಟೆ. ಹೇಗಿದ್ದರೂ ಬಾಯಿಯ ಆಪರೇಷನ್ ಆದ ಮೇಲೆ ಕೆಲವು ದಿನ ಟ್ಯೂಬಿನಲ್ಲೇ ಊಟ.

ಊಟ ಆದ ಮೇಲೆಲ್ಲ ಬಾಯಿ ಮುಕ್ಕಳಿಸಬೇಕು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚ ಅಡುಗೆ ಸೋಡಾ, ಒಂದು ಚಿಟಿಕೆ ಉಪ್ಪು. ಹಲ್ಲು ತೋರಿಸಬೇಕು ಅಂತ ಡಾಕ್ಟರು ಹೇಳಿದ್ದರೆ ಈಗಲೇ ಮಾಡಿಸಿ, ಮುಂದೆ ರೇಡಿಯೇಷನ್‌ಗೂ ಅದು ಬೇಕಾಗುತ್ತದೆ. ಬಾಯಿ ಎಷ್ಟು ತೆರೆಯುತ್ತದೆ ಅಂತ ಬೆರಳಿನಲ್ಲಿ ನೋಡಿ. ರೋಗಿಯದೇ ಮೂರು ಬೆರಳು ಹಿಡಿಸುವುದು ಸಾಮಾನ್ಯ. ಎರಡಕ್ಕೆ ಇಳಿಯುತ್ತಿದ್ದರೆ ತಿಳಿಸಿ.

ತಂಬಾಕು ನಿಲ್ಲಲೇಬೇಕು. ಬೀಡಿ, ಸಿಗರೇಟು, ಗುಟ್ಕಾ, ಕಡ್ಡಿಪುಡಿ, ಹೊಗೆಸೊಪ್ಪಿನ ಎಲೆಅಡಿಕೆ, ಎಲ್ಲಾ. ಧೂಮಪಾನ ಬಿಟ್ಟು ನಾಲ್ಕು ವಾರ ಆಗಿದ್ದರೆ ಶ್ವಾಸಕೋಶದ ತೊಂದರೆ, ಗಾಯದ ಸೋಂಕು ಕಡಿಮೆ. ಕಾಯಬೇಕಾಗಿ ಬಂದ ದಿನಗಳನ್ನು ಇದಕ್ಕೆ ಬಳಸಿಕೊಳ್ಳಿ. ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಫೋನ್ ಮಾಡಬಹುದು. ರೋಗಿಯೇ ಮಾತಾಡಬೇಕು, ನಾವು ಅವರ ಪರವಾಗಿ ಮಾತಾಡಿದರೆ ಆಗುವುದಿಲ್ಲ.

ಶ್ವಾಸದ ವ್ಯಾಯಾಮಕ್ಕೆ ಮೂರು ಚೆಂಡಿನ ಸ್ಪೈರೋಮೀಟರ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಊದುವುದಲ್ಲ, ಒಳಕ್ಕೆ ಎಳೆಯುವುದು. ನಿಧಾನವಾಗಿ ಎಳೆದು ಚೆಂಡನ್ನು ಮೇಲೆ ನಿಲ್ಲಿಸಬೇಕು. ಆಪರೇಷನ್ ಆದ ಮೇಲೆ ಕಲಿಯಲು ಹೋದರೆ ಕಷ್ಟ. ಸಂಜೆ ಇಬ್ಬರೂ ಅರ್ಧ ಗಂಟೆ ನಡೆಯಿರಿ.

ಮಾತ್ರೆಗಳ ವಿಷಯ: ರಕ್ತ ತೆಳುವಾಗಿಸುವ ಮಾತ್ರೆ, ಕೆಲವು ಹೊಸ ಸಕ್ಕರೆ ಮಾತ್ರೆಗಳನ್ನು ಆಪರೇಷನ್‌ಗೆ ಕೆಲವು ದಿನ ಮುಂಚೆ ನಿಲ್ಲಿಸಬೇಕಾಗುತ್ತದೆ. ಎಲ್ಲಾ ಸ್ಟ್ರಿಪ್‌ಗಳನ್ನು ಒಂದು ಕವರಿನಲ್ಲಿ ಹಾಕಿ ಅರಿವಳಿಕೆ ಡಾಕ್ಟರ ಮುಂದೆ ಇಡಿ. ನಿಲ್ಲಿಸಿದ ಮೇಲೆ ಡೇಟ್ ಮುಂದಕ್ಕೆ ಹೋದರೆ "ಮತ್ತೆ ಶುರು ಮಾಡಬೇಕಾ?" ಅಂತ ಅವತ್ತೇ ಕೇಳಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಈ ಪ್ರಶ್ನೆ ಮರೆತರೆ ದೊಡ್ಡ ಅಪಾಯ.

ನೋವನ್ನು ಸಹಿಸಿಕೊಂಡು ಕೂರುವುದು ಬೇಡ. ನೋವಿದ್ದರೆ ಊಟ ಇಲ್ಲ, ನಿದ್ದೆ ಇಲ್ಲ. ಮಾರ್ಫಿನ್ ಬರೆದುಕೊಟ್ಟರೆ ಹೆದರಬೇಡಿ. ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡರೆ ಅದು ಒಳ್ಳೆಯ ಔಷಧಿ. ಮಲಬದ್ಧತೆ ಆಗುತ್ತದೆ, ಅದಕ್ಕೂ ಮಾತ್ರೆ ಕೇಳಿ ತನ್ನಿ.

ನಾಟಿ ಔಷಧಿಯ ಮಾತು ಬಂದೇ ಬರುತ್ತದೆ. ಡೇಟ್ ತಪ್ಪಿದ ಸುದ್ದಿ ಊರಿಗೆ ಮುಟ್ಟಿದ ದಿನವೇ ಯಾರಾದರೂ ಒಂದು ಚಕ್ಕೆಯ ಪುಡಿ, ಒಂದು ಕಷಾಯದ ವಿಳಾಸ ಹಿಡಿದು ಬರುತ್ತಾರೆ. ಅವರ ಪ್ರೀತಿಗೆ ಕೈಮುಗಿಯೋಣ. ಆದರೆ ಕೆಲವು ಪುಡಿಗಳಿಂದ ಲಿವರ್ ಹಾಳಾಗುತ್ತದೆ, ರಕ್ತ ಹೆಪ್ಪುಗಟ್ಟುವುದಿಲ್ಲ. ಆಗ ಆಪರೇಷನ್ ಮತ್ತೆ ಮುಂದಕ್ಕೆ. "ಆಪರೇಷನ್ ಆಗೋವರೆಗೆ ಡಾಕ್ಟ್ರನ್ನ ಕೇಳದೆ ಏನೂ ಕೊಡೋ ಹಾಗಿಲ್ಲ" ಅಂತ ಒಂದೇ ಮಾತು ಇಟ್ಟುಕೊಳ್ಳಿ.

6. ಇವು ಕಂಡರೆ ಕಾಯಬೇಡಿ

ಬಾಯಿಂದ ಅಥವಾ ಕುತ್ತಿಗೆಯಿಂದ ರಕ್ತ ನಿಲ್ಲದೆ ಸುರಿಯುವುದು, ಉಸಿರಾಡುವಾಗ ಕರ್ರೆಂಬ ಸದ್ದು, ಎಂಜಲು ಕೂಡ ನುಂಗಲಾಗದಿರುವುದು, ಎದೆನೋವು, ಒಂದೇ ಕಾಲು ಊದಿಕೊಳ್ಳುವುದು. ಇದ್ದಕ್ಕಿದ್ದಂತೆ ಕಂಡರೆ 108ಕ್ಕೆ ಫೋನ್ ಮಾಡಿ. ರಕ್ತ ಬರುತ್ತಿದ್ದರೆ ಮಲಗಿಸಬೇಡಿ, ಮುಂದಕ್ಕೆ ಬಾಗಿಸಿ ಕೂರಿಸಿ, ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ.

ಕುತ್ತಿಗೆಯಲ್ಲಿ ಹೊಸ ಗಂಟು, ಹುಣ್ಣು ಚರ್ಮದ ಹೊರಗೆ ಬರುತ್ತಿರುವ ಹಾಗೆ ಕಾಣುವುದು, ಜ್ವರ (ಕೀಮೋ ನಡೆಯುತ್ತಿರುವವರಿಗೆ ಜ್ವರ ಬಂದರೆ ತಕ್ಷಣವೇ ಆಸ್ಪತ್ರೆಗೆ): ಇವುಗಳಿಗೆ ಮರುದಿನವೇ ಓಪಿಡಿಗೆ ಹೋಗಿ. ಗಡ್ಡೆ ಬದಲಾಗಿದೆ ಅಂತ ಗೊತ್ತಾದರೆ ಸಾಲಿನಲ್ಲಿ ನಿಮ್ಮ ಜಾಗವೂ ಬದಲಾಗಬಹುದು. ಹೇಳದಿದ್ದರೆ ಅವರಿಗೆ ಗೊತ್ತಾಗುವುದು ಹೇಗೆ?

ನಮ್ಮನೆಯವರು ದಿನಾ ಬೆಳಿಗ್ಗೆ ಕನ್ನಡಿ ಮುಂದೆ ಟಾರ್ಚ್ ಹಿಡಿದು, ಕೆನ್ನೆಯನ್ನು ಬೆರಳಿಂದ ಎಳೆದು ನೋಡಿಕೊಳ್ಳುತ್ತಿದ್ದರು. ನಿನ್ನೆಗಿಂತ ದೊಡ್ಡದಾಗಿದೆ ಅಂತ ದಿನಾ ಅನ್ನಿಸುತ್ತಿತ್ತು. ಆಮೇಲೆ ವಾರಕ್ಕೊಂದು ಸಲ, ಅದೇ ಜಾಗದಲ್ಲಿ, ಅದೇ ಬೆಳಕಿನಲ್ಲಿ ನಾನು ಫೋಟೋ ತೆಗೆಯುವುದು ಅಂತ ಮಾಡಿಕೊಂಡೆವು. ಉಳಿದ ದಿನ ನೋಡುವ ಹಾಗಿಲ್ಲ. ಡಾಕ್ಟರಿಗೆ ತೋರಿಸಲು ಆ ಫೋಟೋಗಳು ಉಪಯೋಗಕ್ಕೆ ಬಂದವು, ಬೆಳಗಿನ ಹೊತ್ತಿನ ಒದ್ದಾಟವೂ ಕಡಿಮೆಯಾಯಿತು.

7. ಗಡುವು ದಾಟುವ ಹಾಗಿದ್ದರೆ

ಸರ್ಜನ್ ಹೇಳಿದ ತಾರೀಖು ಹತ್ತಿರ ಬಂತು, ಓಟಿ ಇನ್ನೂ ಇಲ್ಲ. ಆಗ ಸಂಕೋಚ ಬಿಟ್ಟು ಕೇಳಬೇಕು. ಬೇರೆ ಯೂನಿಟ್‌ನಲ್ಲಿ ಬೇಗ ಆಗುತ್ತದಾ? ಬೇರೆ ಆಸ್ಪತ್ರೆಗೆ ಪತ್ರ ಕೊಡುತ್ತೀರಾ? ನಡುವೆ ಕೀಮೋ ಅಥವಾ ಮಾತ್ರೆ ಕೊಡುವುದು ಇವರಿಗೆ ಸರಿ ಹೋಗುತ್ತದಾ? ಕೆಲವು ಕಡೆ ಬಾಯಿ ಕ್ಯಾನ್ಸರ್ ರೋಗಿಗಳಿಗೆ ಕಾಯುವಾಗ ನುಂಗುವ ಕೀಮೋ ಮಾತ್ರೆ ಕೊಡುವುದುಂಟು. ಎಲ್ಲರಿಗೂ ಅಲ್ಲ, ಟ್ಯೂಮರ್ ಬೋರ್ಡ್‌ನಲ್ಲಿ ಡಾಕ್ಟರುಗಳೆಲ್ಲ ಕೂತು ತೀರ್ಮಾನ ಮಾಡಬೇಕು.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಎಲ್ಲರಿಗೂ ಗೊತ್ತು. 1973ರಲ್ಲಿ ಶುರುವಾದ ಅಲ್ಲಿಗೆ ರಾಜ್ಯದ ಮೂಲೆಮೂಲೆಯಿಂದಲೂ ಪಕ್ಕದ ರಾಜ್ಯಗಳಿಂದಲೂ ಜನ ಬರುತ್ತಾರೆ, ಹಾಗಾಗಿ ಸಾಲೂ ಉದ್ದ. ಕಲಬುರಗಿಯಲ್ಲಿ ಅದರದ್ದೇ ಇನ್ನೊಂದು ಕೇಂದ್ರ ಇದೆ. ಹುಬ್ಬಳ್ಳಿ, ಮಂಗಳೂರು, ಮಣಿಪಾಲ, ಮೈಸೂರು, ಬೆಳಗಾವಿಗಳಲ್ಲೂ ಕ್ಯಾನ್ಸರ್ ಆಪರೇಷನ್ ನಡೆಯುತ್ತವೆ. ನಿಮ್ಮ ಕಾಯಿಲೆಯ ಆಪರೇಷನ್ ಅಲ್ಲಿ ಆಗುತ್ತದಾ, ಯೋಜನೆ ನಡೆಯುತ್ತದಾ ಅಂತ ಫೋನಿನಲ್ಲೇ ವಿಚಾರಿಸಿ.

ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳಿದರೆ ಮೊದಲಿನವರಿಗೆ ಬೇಜಾರಾಗುತ್ತದೆ ಅನ್ನುವ ಅಳುಕು ಬೇಡ. ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ 2002ರ ವೈದ್ಯಕೀಯ ಮಂಡಳಿಯ ನಿಯಮಗಳಲ್ಲೇ ಇದೆ. ಬಯಾಪ್ಸಿಯ ವರದಿ ಮಾತ್ರ ಅಲ್ಲ, ಸ್ಲೈಡ್ ಮತ್ತು ಬ್ಲಾಕ್ (ಗಾಜಿನ ಮೇಲೆ ಮತ್ತು ಮೇಣದಲ್ಲಿ ಇಟ್ಟಿರುವ ಗಡ್ಡೆಯ ತುಣುಕು) ಕೂಡ ಕೇಳಿ ಪಡೆಯಿರಿ. ಹೊಸ ಜಾಗದಲ್ಲಿ ಮೊದಲು ಕೇಳುವುದೇ ಅದನ್ನು. ಆದರೆ ಹೊಸ ಕಡೆ ತಾರೀಖು ಖಚಿತ ಆಗುವವರೆಗೆ ಹಳೇ ಸಾಲನ್ನು ಬಿಟ್ಟು ಬರಬೇಡಿ. ಮಾತಿಗೆ ಮರುಳಾಗಿ ಎರಡೂ ಕಡೆ ತಪ್ಪಿಸಿಕೊಂಡ ಮನೆಗಳಿವೆ.

8. ಇಬ್ಬರ ನಡುವೆ

ಡೇಟ್ ತಪ್ಪಿದ ಮೇಲೆ ರೋಗಿ ಸಿಡುಕುತ್ತಾರೆ, ಇಲ್ಲವೇ ಪೂರ್ತಿ ಮೌನ. "ಬಿಡು, ಆಪರೇಷನ್ನೇ ಬೇಡ" ಅನ್ನುತ್ತಾರೆ. ಆ ಮಾತಿಗೆ ತಕ್ಷಣ ವಾದ ಮಾಡಬೇಡಿ. "ತುಂಬಾ ಸಾಕಾಗಿದೆ ಅಲ್ವಾ ನಿಮಗೆ" ಅಂದರೆ ಅವರು ಮುಂದಿನ ಮಾತು ಆಡುತ್ತಾರೆ. ಆ ಮುಂದಿನ ಮಾತಿನಲ್ಲೇ ನಿಜವಾದ ಭಯ ಇರುತ್ತದೆ. ಮುಖ ಹೇಗಾಗುತ್ತದೋ, ಮಾತು ಬರುತ್ತದೋ ಇಲ್ಲವೋ, ಸಾಲ ಯಾರು ತೀರಿಸುತ್ತಾರೋ. ಯಾವ ಭಯ ಅಂತ ಗೊತ್ತಾದರೆ ಅದಕ್ಕೆ ಉತ್ತರ ಹುಡುಕಬಹುದು. ಮುಖದ ಬಗ್ಗೆ ಆದರೆ ಸರ್ಜನ್ ಹತ್ತಿರ ಹಿಂದಿನ ರೋಗಿಗಳ ಫೋಟೋ ತೋರಿಸಲು ಕೇಳಬಹುದು. ಆಪರೇಷನ್ ಆಗಿ ಬಂದವರು ಓಪಿಡಿಯಲ್ಲೇ ಸಿಗುತ್ತಾರೆ, ಅವರ ಜೊತೆ ಐದು ನಿಮಿಷ ಕೂರಿಸಿ.

"ಗುಟ್ಕಾ ಬಿಡಿ ಅಂತ ಅವತ್ತೇ ಬಡಕೊಂಡೆ" ಅನ್ನುವ ಮಾತು ಬಾಯಿಗೆ ಬರುತ್ತದೆ. ನುಂಗಿಕೊಳ್ಳಿ. ಅವರು ಅದನ್ನು ದಿನಾ ತಮಗೆ ತಾವೇ ಹೇಳಿಕೊಳ್ಳುತ್ತಿರುತ್ತಾರೆ.

ಬಾಯಿಯ ದೊಡ್ಡ ಆಪರೇಷನ್ ಆದ ಮೇಲೆ ಕುತ್ತಿಗೆಯಲ್ಲಿ ಉಸಿರಾಟದ ಟ್ಯೂಬ್ ಇಟ್ಟರೆ ಕೆಲವು ದಿನ ಮಾತು ಇರುವುದಿಲ್ಲ. ಈಗಲೇ ಸನ್ನೆಗಳನ್ನು ಮಾಡಿಕೊಳ್ಳಿ. ಹಣೆ ಮುಟ್ಟಿದರೆ ನೋವು, ಎದೆ ತಟ್ಟಿದರೆ ಕಫ ತೆಗೆಸು, ಕೈ ತಿರುಗಿಸಿದರೆ ಮಗ್ಗುಲು ಬದಲಿಸು. ಒಂದು ಬರೆಯುವ ಪ್ಯಾಡ್ ತಂದಿಡಿ. ಮನೆಯಲ್ಲಿ ಸಂಜೆ ಅರ್ಧ ಗಂಟೆ ಮಾತಿಲ್ಲದೆ ಇದನ್ನು ಅಭ್ಯಾಸ ಮಾಡಿದೆವು. ಮಕ್ಕಳೂ ಸೇರಿಕೊಂಡರು, ಅವರೂ ಕಲಿತರು. ಇದೇ ಸಮಯದಲ್ಲಿ ಬ್ಯಾಂಕು, ಎಲ್‌ಐಸಿ, ಸಾಲದ ಕಂತು, ಮೊಬೈಲ್ ಪಾಸ್‌ವರ್ಡ್ ಎಲ್ಲವನ್ನೂ ಒಂದು ಕಡೆ ಬರೆಸಿಕೊಳ್ಳಿ. ಕೇಳಲು ಕಷ್ಟ ಆದರೆ "ಆಸ್ಪತ್ರೆಯಲ್ಲಿದ್ದಾಗ ಕಂತು ಕಟ್ಟೋಕೆ ಬೇಕು" ಅನ್ನಿ. ಅದು ನಿಜವೇ ತಾನೆ.

ಮಕ್ಕಳಿಗೆ ಸುಳ್ಳು ತಾರೀಖು ಹೇಳಬೇಡಿ. "ಆಸ್ಪತ್ರೆಯವರು ಹೇಳಿದ ದಿನ ಹೋಗ್ತೀವಿ, ಗೊತ್ತಾದ ತಕ್ಷಣ ನಿಮಗೆ ಹೇಳ್ತೀವಿ" ಅಷ್ಟು ಸಾಕು.

9. ನಿಮಗೂ ಒಂದು ದೇಹ ಇದೆ

ನಿಮ್ಮ ಬಿಪಿ ಮಾತ್ರೆ, ಸಕ್ಕರೆ ಮಾತ್ರೆ ತಪ್ಪಿಸಬೇಡಿ. ಆಪರೇಷನ್ ಆದ ಮೇಲೆ ರಾತ್ರಿಯಿಡೀ ಎಚ್ಚರ ಇರಬೇಕಾದವರು ನೀವು, ಶಕ್ತಿಯನ್ನು ಈಗಲೇ ಉಳಿಸಿಕೊಳ್ಳಿ. ವಾರದಲ್ಲಿ ಎರಡು ರಾತ್ರಿ ಬೇರೆ ಯಾರಾದರೂ ಅವರ ಪಕ್ಕ ಮಲಗಲಿ, ನೀವು ಇನ್ನೊಂದು ಕೋಣೆಯಲ್ಲಿ ನಿದ್ದೆ ಮಾಡಿ.

ನೆಂಟರ ಫೋನ್ ದೊಡ್ಡ ಭಾರ. "ಯಾವಾಗ ಆಪರೇಷನ್? ಯಾಕೆ ಆಗಿಲ್ಲ?" ಅಂತ ಒಂದೇ ಪ್ರಶ್ನೆಗೆ ಹತ್ತು ಸಲ ಉತ್ತರ ಹೇಳಿ ಸೋಲುತ್ತೇವೆ. ತಂಗಿಗೋ ಮೈದುನನಿಗೋ ಈ ಕೆಲಸ ಒಪ್ಪಿಸಿ. ವಾಟ್ಸಾಪ್ ಗುಂಪಿನಲ್ಲಿ ಅವರೇ ಹಾಕಲಿ. "ಏನಾದ್ರೂ ಸಹಾಯ ಬೇಕಾ" ಅಂದವರಿಗೆ ಇಂಥದ್ದೇ ಅಂತ ಹೇಳಿ: ಬುಧವಾರ ಮಗಳನ್ನು ಶಾಲೆಯಿಂದ ಕರೆತನ್ನಿ, ಶನಿವಾರ ಒಂದು ಹೊತ್ತಿನ ಸಾರು ಕಳಿಸಿ.

ಮನಸ್ಸು ತಡೆಯಲಾಗದಷ್ಟು ಭಾರವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು. ರೋಗಿಯೇ ಮಾಡಬೇಕು ಅಂತಿಲ್ಲ, ನಿಮಗಾಗಿಯೇ ಮಾಡಬಹುದು. ನಾನು ಮಾಡಿದ್ದೇನೆ. ಯಾರೋ ಒಬ್ಬರು ಅವಸರ ಇಲ್ಲದೆ ಕೇಳಿಸಿಕೊಂಡರು, ಅವತ್ತು ನನಗೆ ಅದೇ ಬೇಕಿತ್ತು.

10. ಮತ್ತೆ ತಾರೀಖು ಬಂದಾಗ

ಹೊಸ ಡೇಟ್ ಕೊಟ್ಟ ಕೂಡಲೇ ಕೇಳಿ: ಹಳೇ ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ, ಅರಿವಳಿಕೆ ಫಿಟ್‌ನೆಸ್ ಇನ್ನೂ ನಡೆಯುತ್ತದಾ? ಸ್ಕ್ಯಾನ್ ಹಳೆಯದಾಗಿದ್ದರೆ ಮತ್ತೆ ಬೇಕಾ? ಇದನ್ನು ಹಿಂದಿನ ದಿನ ಕೇಳಿದರೆ ಅದೇ ಕಾರಣಕ್ಕೆ ಮತ್ತೆ ತಪ್ಪಬಹುದು.

ರಕ್ತದ ವಿಚಾರ. ಡೇಟ್ ತಪ್ಪುವ ಮುಂಚೆ ನಿಮ್ಮವರು ರಕ್ತ ಕೊಟ್ಟಿದ್ದರೆ ಬ್ಲಡ್ ಬ್ಯಾಂಕಿನ ಚೀಟಿ ಜೋಪಾನ ಮಾಡಿ, ಅದು ಲೆಕ್ಕಕ್ಕೆ ಬರುತ್ತದಾ ಕೇಳಿ. ಒಮ್ಮೆ ಕೊಟ್ಟ ಗಂಡಸರು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಮತ್ತೆ ಕೊಡುವಂತಿಲ್ಲ. ಹಾಗಾಗಿ ಬೇರೆ ಇಬ್ಬರು ಮೂವರ ಹೆಸರು ಕೈಯಲ್ಲಿರಲಿ.

ಖಾಲಿ ಹೊಟ್ಟೆಯಲ್ಲಿ ಬೆಳಗಿನಿಂದ ಕೂರಿಸಿ ಮಧ್ಯಾಹ್ನ "ಇವತ್ತು ಆಗಲ್ಲ" ಅನ್ನುವುದೂ ಉಂಟು. ಹಿಂದಿನ ಕೇಸು ಉದ್ದವಾಯಿತು, ಎಮರ್ಜೆನ್ಸಿ ಬಂತು. ಆಗ ಮೊದಲ ಕೆಲಸ, ಊಟ ಕೊಡಬಹುದಾ ಅಂತ ನರ್ಸನ್ನು ಕೇಳುವುದು. ಎರಡನೆಯದು, ಬೆಳಿಗ್ಗೆ ನಿಲ್ಲಿಸಿದ್ದ ಸಕ್ಕರೆ ಮಾತ್ರೆ ಅಥವಾ ಇನ್ಸುಲಿನ್ ಈಗ ಹೇಗೆ ಅಂತ ಕೇಳುವುದು. ಮೂರನೆಯದು, ಡಿಸ್ಚಾರ್ಜ್ ಆಗಬೇಕಾ, ವಾರ್ಡಿನಲ್ಲೇ ಇರಬಹುದಾ ಅಂತ. ಸಾಧ್ಯವಾದರೆ ಉಳಿಯಿರಿ. ಊರಿಗೆ ಹೋದರೆ ಸಾಲಿನಲ್ಲಿ ಹಿಂದೆ ಬೀಳುವ ಸಾಧ್ಯತೆ ಇದೆ. ಹೋಗಲೇಬೇಕಾದರೆ ಮುಂದಿನ ತಾರೀಖನ್ನು ಚೀಟಿಯ ಮೇಲೆ ಬರೆಸಿಕೊಳ್ಳದೆ ವಾರ್ಡು ಬಿಡಬೇಡಿ.

ಕೊನೆಯದಾಗಿ ಒಂದು. ಬಾಯಿಯ ಆಪರೇಷನ್ ಆದ ಮೇಲೆ ರೇಡಿಯೇಷನ್ ಬೇಕು ಅಂದರೆ ಅದು ಸಾಮಾನ್ಯವಾಗಿ ಆರು ವಾರದೊಳಗೆ ಶುರು ಆಗಬೇಕು. ಅಲ್ಲೂ ಸಾಲಿದೆ. ಆಪರೇಷನ್ ಆಗಿ ವಾರ್ಡಿನಲ್ಲಿರುವಾಗಲೇ "ಇವರಿಗೆ ರೇಡಿಯೇಷನ್ ಬರಬಹುದಾ, ಈಗಲೇ ಹೆಸರು ಬರೆಸಬಹುದಾ?" ಅಂತ ಸರ್ಜನ್ ಅವರನ್ನು ಕೇಳಿ. ಆಪರೇಷನ್‌ನಲ್ಲಿ ತೆಗೆದ ಗಡ್ಡೆಯ ಪರೀಕ್ಷೆಯ ವರದಿ ಯಾವ ದಿನ ಬರುತ್ತದೆ ಅಂತ ತಿಳಿದುಕೊಂಡು, ಆ ದಿನವೇ ಹೋಗಿ ವರದಿ ಪಡೆದು ರೇಡಿಯೇಷನ್ ವಿಭಾಗಕ್ಕೆ ಕೊಡಿ.